ಮಾರ್ಚಿ ತಿಂಗಳ ಗೂಡು

ಎಂಗದೀನ್ ಕಣಿವೆ
ಮಾರ್ಚಿ 19, 1959

ಪ್ರೀತಿಯ ಮೆಂಗಿಯಾ ಅಕ್ಕಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಬರೆಯಲು ಕೂತಾಗಲೆಲ್ಲ ಪೆನ್ಸಿಲು ಕಚ್ಚಿ ಕಚ್ಚಿ ಎದ್ದುಬಿಟ್ಟೆ, ಬೈಯಬೇಡ. ಹೋಟೆಲಿನ ಬಟ್ಟೆ ಒಗೆದು ಒಡೆದಿದ್ದ ನಿನ್ನ ಕೈ ವಾಸಿಯಾಯಿತೇ? ಇಲ್ಲಿ ಕಂದು ಹಸು ಕರು ಹಾಕಿದೆ, ಹೆಣ್ಣು.

ಅಪ್ಪನದೇ ಚಿಂತೆ. ಹೋದ ವರ್ಷ ಬೋಳು ಇಳಿಜಾರಿನಿಂದ ಹಿಮ ಕುಸಿದು ಅಮ್ಮನನ್ನು ಕೊಟ್ಟಿಗೆ ಸಮೇತ ಒಯ್ದ ಮೇಲೆ ಅವರ ಮಾತೇ ಕಡಿಮೆ. ಚಳಿಗಾಲಕ್ಕೆ ಮುಂಚೆ ಹೊಸ ಫಾರೆಸ್ಟರ್ ಬಂದು ಪೈನ್ ಸಸಿಯೊಂದರ ಬುಡ ಬಗೆದು ತೋರಿಸಿದರು. ಒಂದೇ ಗುಳಿಯಲ್ಲಿ ಐದು ಸಸಿ! "ಈ ಬೀಜಕ್ಕೆ ಗಾಳೀಲಿ ಹಾರೋಕೆ ರೆಕ್ಕೆ ಇಲ್ಲ ಯಜಮಾನ್ರೇ. ಚುಕ್ಕೆ ಹಕ್ಕಿ ಚಳಿಗಾಲಕ್ಕೆ ಅಂತ ಹೂತಿಟ್ಟು ಮರೆತಿದ್ದು ಇದು. ಹಕ್ಕಿ ಹೋದ್ರೆ ಮರಾನೂ ಹೋಯ್ತು, ಆಮೇಲೆ ಹಿಮ ತಡೆಯೋಕೆ ಏನೂ ಉಳಿಯಲ್ಲ" ಎಂದರು. ಬೀಜ ತಿಂದು ಕಾಡು ಹಾಳುಮಾಡುತ್ತದೆ ಎಂದು ಅಪ್ಪ ಮೂವತ್ತು ವರ್ಷ ಗುಂಡು ಹೊಡೆದದ್ದು ಅದೇ ಹಕ್ಕಿಗೆ.

ಆಮೇಲೆ ಅಪ್ಪ ತಾವೇ ಒಂದು ಚೀಲ ಬೀಜ ಹೂತರು. ಎರಡೇ ವಾರದಲ್ಲಿ ಇಲಿಗಳು ತಿಂದುಬಿಟ್ಟವು. ಪಕ್ಕದ ಮನೆಯ ಗಿಸೆಪ್ ಮಾವ, "ಏನಯ್ಯಾ, ಹಕ್ಕಿ ಕೊಂದೋನು ಹಕ್ಕಿ ಕೆಲಸಕ್ಕೇ ಸೇರ್ಕೊಂಡ್ಯಾ? ಮೊಟ್ಟೆ ಯಾವಾಗ ಇಡ್ತೀಯ?" ಎಂದು ನಕ್ಕರು. ಅಪ್ಪ ಖಾಲಿ ಚೀಲ ಕೊಡವಿ ಮಡಚಿಟ್ಟರು.

ಈಗ ಒಂದು ಜೋಡಿಯಾದರೂ ಉಳಿದಿದೆಯೇ ಎಂದು ಗೂಡು ಹುಡುಕುತ್ತಾ ದಿನಾ ಅದೇ ಇಳಿಜಾರು ಹತ್ತುತ್ತಾರೆ. ಬಿಸಿಲಿಗೆ ಹಿಮ ಸಡಿಲಾಗಿದೆ. ಮೊನ್ನೆ ಅವರ ಬೆನ್ನ ಹಿಂದೆಯೇ ಒಂದು ಪದರ ಜಾರಿತು. "ಸಾಕು ಅಪ್ಪಾ" ಎಂದರೆ, "ಗೂಡು ಕಂಡ ದಿನ ನಿಲ್ಲಿಸ್ತೀನಿ ಮಗಳೇ" ಎನ್ನುತ್ತಾರೆ. ಆದರೆ ಶನಿವಾರ ಬಂದರೆ ಬಂದೂಕಿಗೆ ಎಣ್ಣೆ ಹಾಕುವುದನ್ನು ಬಿಟ್ಟಿಲ್ಲ. ಅವರ ಮನಸ್ಸಿನಲ್ಲಿ ಏನಿದೆಯೋ ತಿಳಿಯದು. ನಿನ್ನ ಮಾತಾದರೆ ಕೇಳುತ್ತಾರೆ, ಎರಡು ಸಾಲು ಬರೆ.

ದೇವರು ನಿನ್ನನ್ನು ಬೆಚ್ಚಗಿಡಲಿ.

ನಿನ್ನ ತಂಗಿ,
ಬ್ರೈದಾ

ಮರುದಿನ ಬೆಳಿಗ್ಗೆ: ಅಕ್ಕಾ, ನಿನ್ನೆ ಒಂದು ಮಾತು ಬಚ್ಚಿಟ್ಟೆ. ಗೂಡು ಎಲ್ಲಿದೆ ಎಂದು ನನಗೆ ಗೊತ್ತು. ಚರ್ಚಿನ ಹಾದಿಯ ಪಕ್ಕದ ಎರಡು ಕವಲಿನ ಪೈನ್ ಮರದಲ್ಲಿ. ತಾಯಿ ಹಕ್ಕಿ ಹಿಮ ತೋಡಿ ಬೀಜ ತೆಗೆದು ಮರಿಗಳಿಗೆ ಒಯ್ಯುವುದನ್ನು ಹತ್ತು ದಿನದಿಂದ ನೋಡುತ್ತಿದ್ದೇನೆ. ಒಂಬತ್ತು ವರ್ಷದವಳಿದ್ದಾಗ ಅದೇ ಮರದ ಗೂಡನ್ನು ಅಪ್ಪನಿಗೆ ತೋರಿಸಿದ್ದು ನಾನೇ, ಶಹಬ್ಬಾಸ್ ಅನ್ನಿಸಿಕೊಳ್ಳಲು. "ಹೇಳ್ಬೇಡ ಕಂದಾ" ಎಂದು ಅಮ್ಮ ಎಷ್ಟು ಬೇಡಿಕೊಂಡಿದ್ದಳು. ಅಪ್ಪ ಆ ಜೋಡಿಯನ್ನು ಹೊಡೆದ ಮೇಲೆ ಬೋಳು ಇಳಿಜಾರಿನಲ್ಲಿ ಹಕ್ಕಿ ಕೂಗಲೇ ಇಲ್ಲ. ನಾನು ಅಮ್ಮನಲ್ಲಿ ಕ್ಷಮೆಯನ್ನೂ ಕೇಳಲಿಲ್ಲ.

ಬಂದೂಕನ್ನು ಹಿಟ್ಟಿನ ಪೆಟ್ಟಿಗೆಯಲ್ಲಿ ಹುಗಿದಿಟ್ಟೆ. ಅಪ್ಪ ಆಗಲೇ ಅರ್ಧ ಇಳಿಜಾರು ಏರಿದ್ದಾರೆ, ಕಿಟಕಿಯಿಂದ ಕಾಣುತ್ತಿದ್ದಾರೆ. ಕೂಗಿದರೆ ಹಿಮ ಇಳಿಯುತ್ತದೆ ಎನ್ನುತ್ತಿದ್ದಳು ಅಮ್ಮ. ಅದಕ್ಕೇ ಕೂಗುವುದಿಲ್ಲ. ಈ ಕಾಗದವನ್ನು ಗಿಸೆಪ್ ಮಾವನ ಕೈಗಿಟ್ಟು, ನಾನೇ ಹತ್ತಿ ಹೋಗಿ ಗೂಡಿನ ಜಾಗ ಹೇಳುತ್ತೇನೆ.