ಕುಂಕುಮವಿಟ್ಟ ಕಾರ್ಡು

ದಾವಣಗೆರೆ
ಎರಡನೆಯ ಕಾರ್ತಿಕದ ಮೂವತ್ತಮೂರನೆಯ ದಿನ, ಮರುಎಣಿಕೆಯ ತೊಂಬತ್ತನೆಯ ವರ್ಷ

ಮೈಸೂರಿನ ಹೇಮಂತರಾಜ್ ಅವರಿಗೆ,

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆಯಿರಲಿ. ನಾನು ಕ್ಷಮೆ ಕೇಳುವುದು ಅದೊಂದಕ್ಕೆ ಮಾತ್ರ. ಈ ಕಾಗದ ಬಂದಿರುವುದು ಹಿಂದಂಚೆಯಲ್ಲಿ, ಅಂದರೆ ಕಳೆದುಹೋದ ಕಾಲಕ್ಕೆ ಬರೆಯುವ ಅಂಚೆಯಲ್ಲಿ. ಜೀವಮಾನಕ್ಕೆ ಒಬ್ಬರಿಗೆ ಒಂದೇ ಕಾಗದ. ಜನ ಅದನ್ನು ತೀರಿಹೋದ ತಾಯಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ ಎಂದರೆ ನನ್ನ ಹೊಟ್ಟೆಯುರಿ ಎಷ್ಟಿರಬೇಕು, ನೋಡಿ.

ನಾನು ನೀಲಗಂಗಮ್ಮನ ಮರಿಮಗಳು. ಆಕೆಯನ್ನು ನೀವು ಕಂಡಿಲ್ಲ, ಆಕೆ ಜೋಡಿಸಿದ ಕಂಪ್ಯೂಟರು ಮಾತ್ರ ಈಗ ನಿಮ್ಮ ಮೇಜಿನ ಮೇಲಿದೆ. ಗಿರಾಕಿಗೆ ಯಾವ ಕೆಲಸಕ್ಕೆ ಬೇಕೆಂದು ಕೇಳಿ, ಒಂದೊಂದೇ ಬಿಡಿಭಾಗ ತರಿಸಿ, ಬಾಡಿಗೆ ಮನೆಯ ನಡುಮನೆಯಲ್ಲಿ ಕೂತು ಜೋಡಿಸಿ, ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುತ್ತಿದ್ದರು. ಬಾಗಿಲಿಗೆ ಬಂದ ಗಿರಾಕಿಯಾದರೆ ಮುಖ ನೋಡಿ ನಂಬುತ್ತಾನೆ. ಆನ್‌ಲೈನಿನಲ್ಲಿ ನಂಬಿಕೆಗೆ ಇದ್ದದ್ದು ಒಂದು ಫೋಟೋ, ಗಿರಾಕಿಗಳು ಕೊಟ್ಟ ಒಂದಷ್ಟು ನಕ್ಷತ್ರ. ಕೊರಿಯರ್‌ನವರು ಎಲ್ಲಿ ಎತ್ತಿ ಹಾಕುತ್ತಾರೋ ಎಂಬ ಭಯಕ್ಕೆ ಪೆಟ್ಟಿಗೆಯ ಸುತ್ತ ಹಳೆಯ ಸೀರೆ ಸುತ್ತುತ್ತಿದ್ದರು. ಕಟ್ಟುವ ಮೊದಲು ಒಳಗಿನ ಫೋಟೋ ತೆಗೆದಿಟ್ಟು, ಆಮೇಲೆ ಎಲ್ಲಕ್ಕಿಂತ ದುಬಾರಿ ಭಾಗವಾದ ಗ್ರಾಫಿಕ್ಸ್ ಕಾರ್ಡಿನ ಅಂಚಿಗೆ ಒಂದು ಬೊಟ್ಟು ಕುಂಕುಮ ಇಡುವರು. ಇಟ್ಟ ಮೇಲೇ ಫೋಟೋ ತೆಗೆಯಬಾರದೇ ಎಂದರೆ, “ಪೂಜೆ ಮಾಡಿದ್ದನ್ನ ಊರಿಗೆಲ್ಲಾ ತೋರಿಸ್ತಾರೇನು? ದೃಷ್ಟಿ ಆಗ್ತತಿ” ಎನ್ನುತ್ತಿದ್ದರಂತೆ.

ನೀವು ಆ ಹೊಸ ಕಾರ್ಡನ್ನು ಕಿತ್ತು ನಿಮ್ಮ ಹಳೆಯ ಯಂತ್ರಕ್ಕೆ ಹಾಕಿಕೊಂಡಿದ್ದೀರಿ. ಅದರ ನಂಬರಿನ ಚೀಟಿಯನ್ನು ಬಿಡಿಸಿ ನಿಮ್ಮ ಸವೆದ ಕಾರ್ಡಿಗೆ ಅಂಟಿಸಿದ್ದೀರಿ. ಒಂದೇ ನಕ್ಷತ್ರ ಕೊಟ್ಟು, “ಹಳೇ ಕಾರ್ಡ್ ಹಾಕಿ ಮೋಸ ಮಾಡಿದ್ದಾಳೆ” ಎಂದು ಬರೆದಿದ್ದೀರಿ. ಕಂಪ್ಯೂಟರನ್ನು ವಾಪಸು ಒಯ್ಯುವವನು ನಾಳೆ ಬರುತ್ತಾನೆ. ಮುಂದಿನದು ನಿಮಗಿನ್ನೂ ಆಗಿಲ್ಲ, ನಮಗೆ ಆಗಿಹೋಗಿದೆ. ಪೆಟ್ಟಿಗೆ ಬಿಚ್ಚಿದ ನೀಲಗಂಗಮ್ಮ, “ನಾನಿಟ್ಟ ಕುಂಕುಮ ಎಲ್ಲಿ ಹೋತು?” ಎಂದು ಮಾರುಕಟ್ಟೆಯವರನ್ನು ಗೋಗರೆದರು. “ನಿಮ್ಮ ಫೋಟೋದಲ್ಲೇ ಕುಂಕುಮ ಇಲ್ಲವಲ್ಲಮ್ಮ” ಎಂದು ಅವರು ಅಂಗಡಿ ಮುಚ್ಚಿಸಿದರು. ಆಮೇಲೆ ಆಕೆ ಸ್ಕ್ರೂಡ್ರೈವರ್ ಮುಟ್ಟಲಿಲ್ಲ.

ನಮ್ಮ ಕಾಲದಲ್ಲಿ ನಕ್ಷತ್ರಗಳು ಸಾಯುವುದಿಲ್ಲ. ಅವು ಮನೆಚುಕ್ಕಿಯಾಗಿ ಮಕ್ಕಳಿಗೆ, ಮೊಮ್ಮಕ್ಕಳಿಗೆ ಇಳಿದು ಬರುತ್ತವೆ, ಬಾಗಿಲ ಮೇಲೆ ಎಲ್ಲರಿಗೂ ಕಾಣುವಂತೆ ಹೊಳೆಯುತ್ತವೆ. ಒಂದು ಚುಕ್ಕಿಯ ನಾವು ಗಾಳಿಬಂಡಿಯಲ್ಲಿ ಹಿಂದೆ ನಿಲ್ಲಬೇಕು, ನೀರಿನ ಸರದಿಯಲ್ಲಿ ಕೊನೆಗೆ ನಿಲ್ಲಬೇಕು. ದೋಸೆ ಅಂಗಡಿಯವನು ನಮ್ಮ ದೋಸೆಗೆ ಬೆಣ್ಣೆ ಹಾಕುವುದಿಲ್ಲ. ಶಾಲೆಯಲ್ಲಿ ನನ್ನನ್ನು ಕರೆಯುತ್ತಿದ್ದದ್ದು ಹಳೇಕಾರ್ಡು ಎಂದು; ಈಗ ನನ್ನ ಮಗಳನ್ನೂ ಹಾಗೇ ಕರೆಯುತ್ತಾರೆ. ನಿಮ್ಮ ಮನೆಯದು ಐದು ಚುಕ್ಕಿ. ಕೊಳ್ಳುವವರಿಗೆ ಯಾರು ತಾನೇ ನಕ್ಷತ್ರ ಕೊಡುತ್ತಿದ್ದರು, ಕಡಿಮೆಯಾಗುವುದಕ್ಕೆ?

ನಾನು ದನಿಗಾತಿ: ಸತ್ತ ಯಂತ್ರಗಳನ್ನು ಬಿಚ್ಚಿ ಒಳಗುಳಿದ ದನಿಗಳನ್ನು ತೆಗೆದುಕೊಡುವವಳು. ಈ ಬೆಳಿಗ್ಗೆ ನಿಮ್ಮ ಮರಿಮಗಳು ಮೇದಿನಿ ನಿಮ್ಮ ಆ ಹಳೆಯ ಯಂತ್ರವನ್ನೇ ಹೊತ್ತು ತಂದಳು. ನಾಮಕರಣದಲ್ಲಿ ಕೂಸಿನ ಕಿವಿಗೆ ಮನೆಯ ಹಿರಿಯರ ದನಿಯಿಂದಲೇ ಹೆಸರು ಹೇಳಿಸುವುದು ಈಗಿನ ಪದ್ಧತಿ. ನಿಮ್ಮ ದನಿ ಉಳಿದಿರುವುದು ಇದೊಂದರಲ್ಲೇ. ಮುಚ್ಚಳ ತೆಗೆದೆ. ಕಾರ್ಡಿನ ಅಂಚಿನಲ್ಲಿ ಕುಂಕುಮ ಒಣಗಿ ಕಪ್ಪಾಗಿದ್ದರೂ ಆಕೆಯ ಬೆರಳಿನ ಗುರುತು ಹಾಗೇ ಇತ್ತು. ಅಳು ಬಂತು. ಆಮೇಲೆ ನಗುವೂ ಬಂತು. ಸುಮ್ಮನೆ ಮುಚ್ಚಳ ಹಾಕಿಟ್ಟೆ.

ಮೇದಿನಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹೊರಗೆ ಕಾಯುತ್ತಿದ್ದಾಳೆ. ಒಳ್ಳೆಯ ಹುಡುಗಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವಳು ಅತ್ತರೂ ನನ್ನ ಮನಸ್ಸು ಕರಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾಳೆ ವಾಪಸಿನವನು ಬಾಗಿಲು ತಟ್ಟುವ ಮೊದಲು ಆ ಕಾರ್ಡನ್ನು ಎಲ್ಲಿಂದ ಕಿತ್ತಿರೋ ಅಲ್ಲೇ ಹಾಕಿ, ಬರೆದದ್ದನ್ನು ಅಳಿಸಿ. ಈ ಕಾಗದವನ್ನು ಅಂಚೆಗೆ ಹಾಕಿ ಬಂದು ನಾನು ಮುಚ್ಚಳವನ್ನು ಇನ್ನೊಮ್ಮೆ ತೆಗೆಯುತ್ತೇನೆ. ಕುಂಕುಮ ಆಗಲೂ ಅಲ್ಲೇ ಇದ್ದರೆ, ನಿಮ್ಮ ದನಿಯಿರುವ ಡಿಸ್ಕನ್ನು ಸುತ್ತಿಗೆಯಿಂದ ಜಜ್ಜಿ ಹಾಕಿ, ಹೊರಗೆ ಹೋಗಿ, ಆ ಕೂಸಿನ ಕಿವಿಯಲ್ಲಿ ನಾನೇ ಹೆಸರು ಹೇಳುತ್ತೇನೆ. ಹಳೇಕಾರ್ಡು ಎಂದು.

ಸುತ್ತಿಗೆ ಪಕ್ಕದಲ್ಲಿಟ್ಟುಕೊಂಡು,
ಇಳಾ