ಮಗಳು ಒಪ್ಪುವವರೆಗೆ

ನಂಜನಗೂಡು

ಮಗಳು ಬಿಂದುಶ್ರೀಗೆ ಅಪ್ಪನ ಆಶೀರ್ವಾದ.

ನನ್ನ ಬಲಗೈ ಈಗ ತಲೆಯ ಮೇಲಕ್ಕೆ ಏಳುತ್ತಿದೆ. ಕುಸ್ತಿ ಹೇಳಿಕೊಡುವಾಗ ಭುಜದ ಸ್ನಾಯು ಹರಿದು ಆಪರೇಷನ್ ಆದ ಮೇಲೆ ನೀನು ಒಂದು ರಬ್ಬರ್ ಪಟ್ಟಿ ಕೊಟ್ಟು, "ದಿನಾ ನಿಧಾನಕ್ಕೆ ಎಳಿ ಅಪ್ಪ, ನೋವು ಜಾಸ್ತಿಯಾದ್ರೆ ನಿಲ್ಸು" ಅಂದಿದ್ದೆ. ಗದೆ ತಿರುಗಿಸಿದವನಿಗೆ ಇದೇನು ಮಕ್ಕಳಾಟ ಎಂದು ಸಿಟ್ಟು ಬಂದಿತ್ತು. ಆದರೂ ಬಿಡದೆ ಎಳೆದೆ. ಫಿಸಿಯೋಥೆರಪಿ ಓದಿದವಳು ನೀನು, ನಾನಲ್ಲ.

ಮೊನ್ನೆ ಗರಡಿಯ ಪೂಜೆಯಲ್ಲಿ ಎಲ್ಲರೂ ಗದೆ ಎತ್ತು ಎಂದು ಒತ್ತಾಯ ಮಾಡಿದರು. "ನನ್ ಮಗಳು ಇನ್ನೂ ಒಪ್ಪಿಲ್ಲ ಕಣ್ರಪ್ಪ" ಅಂದೆ. ಜೋರಾಗಿ ನಕ್ಕರು. ಗರಡಿಯ ಯಜಮಾನ ಮಹಾದೇವಸ್ವಾಮಿ ಮಾತ್ರ ನಗಲಿಲ್ಲ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ನನ್ ಮಂಡೀನೂ ಬಗ್ಗಾಕಿಲ್ಲ ಕಣ್ಲಾ, ಯಾರ್ಗೂ ಹೇಳಿಲ್ಲ. ನಿನ್ ಮಗಳನ್ನ ಇಲ್ಲಿಗೇ ಕರ್ಸು. ಹುಡುಗ್ರಿಗೂ ಹೇಳ್ಕೊಡ್ಲಿ" ಅಂದ.

ನಮ್ಮ ಗರಡಿಯೊಳಗೆ ಇದುವರೆಗೆ ಹೆಣ್ಣುಮಕ್ಕಳು ಕಾಲಿಟ್ಟಿಲ್ಲ. ಅದನ್ನೂ ಅವನಿಗೆ ನೆನಪಿಸಿದೆ. "ಗೊತ್ತು, ಬರ್ಲಿ" ಅಂದ.

ಭಾನುವಾರ ಬೆಳಗಿನ ಬಸ್ಸಿಗೆ ಬಾ. ಊಟ ಮನೆಯಲ್ಲೇ. ಗರಡಿಯ ಬಾಗಿಲಲ್ಲಿ ನಾನು ನಿಂತಿರುತ್ತೇನೆ. ಚಪ್ಪಲಿ ಹೊರಗೆ ಬಿಟ್ಟು, ತಲೆ ಎತ್ತಿಕೊಂಡು ನನಗಿಂತ ಮುಂದೆ ಒಳಗೆ ನಡೆ.

ನಿನ್ನ ದಾರಿ ಕಾಯುವ
ಅಪ್ಪ, ಚಿಕ್ಕಬಸಪ್ಪ