ರಾಣಿಯ ಚೌರಿ

ಹಾನಗಲ್, ಬುಧವಾರ
೯ ಫೆಬ್ರುವರಿ ೧೯೩೮

ನನ್ನ ಮನೆಯ ಮಹಾರಾಣಿ ಶಿವಬಸವ್ವಗೆ,

ತವರಿನ ನೀರು ಒಗ್ಗಿತೇ? ಜ್ವರ ಮತ್ತೆ ತಿರುಗಿ ನೋಡಿಲ್ಲವಷ್ಟೇ? ಗಂಜಿ ಬಿಟ್ಟು ರೊಟ್ಟಿ ಮುರಿಯಾಕತ್ತಿ ಎಂದು ನಿನ್ನ ಅಣ್ಣ ಚಂದ್ರಪ್ಪ ಬರೆದದ್ದು ಓದಿ ಎದೆ ತಣ್ಣಗಾಯಿತು. ಅದೇ ಕಾಗದದ ಕೆಳಗಿನದು ಓದಿ ಮತ್ತೆ ಕಾದ ಹಂಚಾಯಿತು. ವಿಷಮಜ್ವರಕ್ಕೆ ತಲೆಗೂದಲೆಲ್ಲ ಉದುರಿತೆಂದು, ಶನಿವಾರ ತಂಗಿ ದಾನವ್ವನ ಮದುವೆಗೆ ನೀನು ಒಳಕೋಣೆ ಬಿಟ್ಟು ಬರುವುದಿಲ್ಲವಂತೆ. ಸೆರಗು ಹೊದ್ದರಾಯಿತಲ್ಲ ಎಂದರೆ, ಸೆರಗಿನ ಕೆಳಗ ತುರುಬಿನ ಉಬ್ಬು ಎಲ್ಲಿಂದ ತರಲಿ ಅಂತೀಯಂತೆ. ಅಕ್ಕನಿಲ್ಲದೆ ಆ ಹುಡುಗಿ ಅಕ್ಕಿಕಾಳು ಹಾಕಿಸಿಕೊಂಡಾಳೇ?

ನಾನಾದರೂ ಬರೋಣವೆಂದರೆ ಅದೇ ಶನಿವಾರ ನಮ್ಮ ಕಂಪನಿಯ ದೊಡ್ಡ ನಾಟಕ, ರಾಣಿಯ ವೇಷ ನನ್ನದೇ. ರಾಣಿಯೆಂದರೆ ಮೊಣಕಾಲು ಮುಟ್ಟುವ ಜಡೆ. ಬಾಚಿದಾಗ ಉದುರಿದ ಕೂದಲನ್ನು ಸುತ್ತಿ ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿಟ್ಟು, ವರ್ಷಗಟ್ಟಲೆ ಕೂಡಿಸಿ, ನೀನೇ ಕಟ್ಟಿಸಿಕೊಟ್ಟ ಚೌರಿ ಅದು. ತೊಳೆಯುವವಳೂ ನೀನೇ ಇದ್ದಿ. ಈ ಸಲ ಗ್ಯಾಸಬತ್ತಿಯ ಹೊಗೆ, ಮೋರೆಯ ಬಣ್ಣ, ಬೆವರು ಎಲ್ಲ ಕೂಡಿ ಅದು ಎತ್ತಿನ ಬಾಲದಂತಾಗಿತ್ತು, ನಾನೇ ತೊಳೆಯಲು ಕುಂತೆ. ಮಹಾರಾಣಿಗೆ ಅಭ್ಯಂಜನ! ಹರಳೆಣ್ಣೆ ಸುರಿದೆ, ಸುಡುನೀರು ಹೊಯ್ದೆ, ಸೀಗೆಪುಡಿ ಹಾಕಿ ರಂಗಗೀತೆ ಹಾಡುತ್ತ ತಲೆ ತಿಕ್ಕಿದಂತೆ ಗರಗರ ತಿಕ್ಕಿದೆ. ಎತ್ತಿ ನೋಡಿದರೆ ಜಡೆಯಲ್ಲ, ಗೀಜಗನ ಗೂಡು. ಆಗ ನೆನಪಾಯಿತು ನಿನ್ನ ಮಾತು: "ಉದುರಿದ ಕೂದಲರಿ ಇವು, ಬುಡ ತುದಿ ತಿರುವುಮುರುವು ಕೂಡ್ಯಾವು. ತಿಕ್ಕಿದರ ಒಂದನ್ನೊಂದು ಹಿಡಕೊಂತಾವು. ಮ್ಯಾಲಿಂದ ಕೆಳಗ ನೀರು ಇಳಿಸ್ರಿ, ಸಾಕು." ನೀನು ಹೇಳುವಾಗ ನಾನು ನಾಟಕದ ಮಾತು ಬಾಯಿಪಾಠ ಮಾಡುತ್ತಿದ್ದೆನಲ್ಲ, ಎಲ್ಲಿ ಕಿವಿಗೆ ಇಳಿದೀತು.

ಮಾಲಕ ಗೋಣೆಪ್ಪ ನೋಡಿ, "ಏನೋ ಮಹಾಲಿಂಗ, ರಾಣಿ ಜಟಾ ಬಿಟ್ಟು ತಪಸ್ಸಿಗೆ ಹೊಂಟಾಳೇನು?" ಅಂದ. ಎಲ್ಲರಿಗಿಂತ ಜೋರು ನಕ್ಕವನು ಲಕ್ಕಪ್ಪ, ನನ್ನ ಪಾತ್ರಕ್ಕೆ ಬಾಯಿ ತೆರೆದು ಕುಂತವನು. ಆ ಶನಿಗೆ ಸ್ವಂತ ಕೂದಲೇ ಹೆಗಲು ದಾಟ್ಯಾವು.

ಮತ್ತೆ ಕುಂತೆ. ತಣ್ಣೀರು, ಅಂಟುವಾಳದ ನೊರೆ, ಕಟ್ಟಿಗೆಯ ಹಣಿಗೆ. ತುದಿಯಿಂದ ಬಿಡಿಸುತ್ತ ಮೇಲಕ್ಕೇರಿದೆ. ಹಿಂದಿನ ನಾಟಕಗಳಲ್ಲಿ ಗದೆ ತಿರುಗಿಸಿದ ಕೈಗೆ ಒಂದು ಹಣಿಗೆ ಬಗ್ಗಲೊಲ್ಲದು, ಸಿಟ್ಟಿಗೆ ಎರಡು ಸಲ ಡೇರೆಯಾಚೆ ಎಸೆದು ನಾನೇ ಹೋಗಿ ತಂದೆ. ಮುಷ್ಟಿ ತುಂಬ ಕೂದಲು ಹೋಯಿತು. ಉಳಿದದ್ದನ್ನು ನೆರಳಲ್ಲಿ ಒಣಹಾಕಿದೆ. ಈಗ ಕೈಯಾಡಿಸಿದರೆ, ಬಸವಣ್ಣನಾಣೆ, ಮದುವೆಯ ದಿನ ನಾನು ಕಂಡ ನಿನ್ನ ಜಡೆಯೇ.

ಅತ್ತೆ ಮಾವನವರಿಗೆ ಶರಣು. ದಾನವ್ವನ ಮನೆ ತುಂಬಿರಲಿ.

ನಿನ್ನ,
ಮಹಾಲಿಂಗಪ್ಪ

ತಾ.ಕ.: ಕಾಗದ ತರುವ ಮೋಟಾರಿನ ಮೆಹಬೂಬನ ಕೈಯಲ್ಲಿ ಒಂದು ಗಂಟಿದೆ, ಯಾರಿಗೂ ಕೊಡದೆ ನೀನೇ ಬಿಚ್ಚು. ಮೊಣಕಾಲಿಗೆ ಸಾಲದು, ತುರುಬಿಗೆ ಧಾರಾಳ. ಕರಿದಾರದಿಂದ ತಲೆಗೆ ಬಿಗಿದು ಸೆರಗು ಹೊದ್ದುಕೋ, ಬೀಳುವುದಿಲ್ಲ, ನಾನು ಅದನ್ನು ಕಟ್ಟಿ ಕುಣಿದವನು. ಶನಿವಾರ ಲಕ್ಕಪ್ಪನೇ ರಾಣಿ. ನಾನು ಮೀಸೆ ಅಂಟಿಸಿಕೊಂಡು ಅವಳ ಬಾಗಿಲು ಕಾಯುವವ. ನೀನು ಮಾತ್ರ ಬಾಗಿಲು ದಾಟಿ ಹಂದರಕ್ಕೆ ಬಾ. ಮತ್ತೊಂದು, ತೊಳೀಬೇಕಾದರ ತಿಕ್ಕಬ್ಯಾಡ.